ನಿದ್ದೆಗಳ್ಳನ ಮನೆ

ದುಬೈಯ ಅಲ್ ನಹ್ದಾದ ನಮ್ಮ ಮನೆಯಲ್ಲಿ ದಿನವೂ ಎರಡು ಪಾತ್ರೆಗಳಲ್ಲಿ ಅನ್ನ ಬೇಯುತ್ತಿತ್ತು. ಒಂದರಲ್ಲಿ ಅಪ್ಪನ ಕುಚ್ಚಲಕ್ಕಿ, ಇನ್ನೊಂದರಲ್ಲಿ ಅಮ್ಮನ ಬಿಳಿ ಬೆಳ್ತಿಗೆ ಅಕ್ಕಿ. ಅಪ್ಪ ಉಡುಪಿ ಕಡೆಯವನು, ಮನೆಮಾತು ತುಳು. ಅಮ್ಮ ಕೊಲ್ಕತ್ತದ ಬಂಗಾಳಿ. ಮುಂಬಯಿಯ ಯಾವುದೋ ಆಫೀಸಿನಲ್ಲಿ ಪರಿಚಯವಾಗಿ, ಎರಡೂ ಮನೆಯವರ ಮುನಿಸು ಕಟ್ಟಿಕೊಂಡು, ದುಬೈಗೆ ಬಂದವರು. ಅವರಿಬ್ಬರ ನಡುವೆ ನಡೆಯುತ್ತಿದ್ದುದು ಹಿಂದಿ, ಅದೂ ಒಬ್ಬೊಬ್ಬರದು ಒಂದೊಂದು ಹಿಂದಿ. ಬೈಗುಳಕ್ಕೆ ಮಾತ್ರ ಅವರವರ ಭಾಷೆ. ನಾನು ಅಪ್ಪನ ಹತ್ತಿರ ತುಳು, ಅಮ್ಮನ ಹತ್ತಿರ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆದೆ. ಕನ್ನಡ ಬಂದದ್ದು ಶುಕ್ರವಾರಗಳಲ್ಲಿ. ರಜೆಯ ದಿನ ಬೆಳಗ್ಗೆ ಅಪ್ಪ ಊರಿನಿಂದ ಬಂದ ಹಳೆಯ ಪೇಪರನ್ನು ನೆಲದ ಮೇಲೆ ಹರಡಿ ನನ್ನ ಬೆರಳು ಹಿಡಿದು ಅಕ್ಷರ ತೋರಿಸುತ್ತಿದ್ದ. "ತುಳು ನಮ್ಮ ಬಾಯಿಗೆ, ಕನ್ನಡ ನಮ್ಮ ಕೈಗೆ" ಎನ್ನುತ್ತಿದ್ದ. ಅಮ್ಮನೂ ಒಮ್ಮೆ ಬಂಗಾಳಿ ಅಕ್ಷರ ಕಲಿಸಲು ಕೂತಳು. ನಾನು ಕಾರ್ಟೂನು ತಪ್ಪಿಹೋಗುತ್ತದೆಂದು ಅತ್ತೆ. ಅವಳು ಸ್ಲೇಟನ್ನು ಎತ್ತಿಟ್ಟು ಮತ್ತೆ ಅದರ ಮಾತೆತ್ತಲಿಲ್ಲ. ಹಾಗಾಗಿ ಅಮ್ಮನ ಭಾಷೆ ನನ್ನ ಕಿವಿಯಲ್ಲಿತ್ತು, ಕಣ್ಣಿಗೆ ಬರಲಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದು ಅಮ್ಮ ಕಥೆಗಾರ್ತಿಯಾಗಿದ್ದಳು ಎಂಬ ಕಾರಣಕ್ಕೆ. ಕೊಲ್ಕತ್ತದ ಪತ್ರಿಕೆಗಳಲ್ಲಿ ತವರಿನ ಹೆಸರಿನಲ್ಲೇ ಬರೆಯುತ್ತಿದ್ದಳು. ನಮ್ಮದು ಒಂದು ಮಲಗುವ ಕೋಣೆ, ಒಂದು ಹಾಲ್, ಒಬ್ಬರೇ ನಿಲ್ಲಬಹುದಾದ ಅಡುಗೆಮನೆ. ಬರೆಯಲು ಮೇಜು ಇಡುವ ಜಾಗ ಎಲ್ಲೂ ಇರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ವಾಷಿಂಗ್ ಮಷೀನಿನ ಮೇಲೆ ಹಾಳೆಗಳನ್ನು ಹರಡಿ, ಹಾರದಂತೆ ಸಾಸಿವೆಯ ಡಬ್ಬಿ ಇಟ್ಟು, ನಿಂತೇ ಬರೆಯುತ್ತಿದ್ದಳು. ಬರವಣಿಗೆ ನಡೆದಿದೆಯೆಂದರೆ ಬಟ್ಟೆ ಒಗೆಯುವುದು ನಿಂತಿದೆ ಎಂದೇ ಲೆಕ್ಕ. ನಾನು ಮಾಸಿದ ಯೂನಿಫಾರ್ಮಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಬಾಗಿಲಿಗೆ ಒರಗಿ ನಿಂತು, "ನಿನ್ನ ಟೇಬಲ್ಲು ಇವತ್ತಾದ್ರೂ ಬಟ್ಟೆ ಒಗೀತದಾ?" ಎಂದು ತಮಾಷೆ ಮಾಡುತ್ತಿದ್ದ. ಆದರೆ ಅವನಿಗೆ ಅವಳ ಬಗ್ಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಒಂದಕ್ಷರ ಓದಲು ಬಾರದಿದ್ದರೂ ಅವಳ ಕಥೆ ಬಂದ ವಿಶೇಷಾಂಕಗಳನ್ನೆಲ್ಲ ಟೀವಿ ಸ್ಟ್ಯಾಂಡಿನ ಮೇಲೆ ಮುಖಪುಟ ಕಾಣುವಂತೆ ಜೋಡಿಸಿಡುತ್ತಿದ್ದ. ಊರಿನವರು ಯಾರಾದರೂ ಮನೆಗೆ ಬಂದರೆ ಚಹಾಕ್ಕೆ ಮೊದಲು ಅದನ್ನೇ ಕೈಗೆ ಕೊಡುತ್ತಿದ್ದ.

"ಇವಳು ರೈಟರ್ ಮಾರಾಯ್ರೆ. ಅಲ್ಲಿ ಭಾರಿ ಹೆಸರುಂಟು."

"ಹೌದಾ? ಯಾವುದರ ಬಗ್ಗೆ ಬರೀತಾರೆ?"

"ಎಲ್ಲ ಸಂಸಾರದ್ದೇ" ಎಂದು ಅಪ್ಪ ತಲೆಯಾಡಿಸುತ್ತಿದ್ದ, ಪ್ರತಿ ಸಾಲನ್ನೂ ಓದಿದವನಂತೆ.

ಅದು ಸುಳ್ಳೂ ಅಲ್ಲ. ಅಮ್ಮ ಆವರೆಗೆ ಬರೆದಿದ್ದೆಲ್ಲ ಕೊಲ್ಕತ್ತದ ಅತ್ತೆಯಂದಿರು, ತಾರಸಿಗಳು, ಬಾಡಿಗೆಯ ಜಗಳಗಳು. ದುಬೈ ಬಗ್ಗೆ ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ, "ಇಲ್ಲಿ ನಾನು ಏನನ್ನು ನೋಡಿದ್ದೇನೆ? ಈ ಲಿಫ್ಟು, ಆ ಸೂಪರ್ ಮಾರ್ಕೆಟ್ಟು" ಎನ್ನುತ್ತಿದ್ದಳು.

ಅಪ್ಪನ ಕೆಲಸ ಜೆಬೆಲ್ ಅಲಿಯಲ್ಲಿ. ಶಾಲೆಯಲ್ಲಿ ಕೇಳಿದವರಿಗೆ ನಾನು "ಲಾಜಿಸ್ಟಿಕ್ಸ್" ಎನ್ನುತ್ತಿದ್ದೆ. ನಿಜದಲ್ಲಿ ಅವನು ಕ್ಯಾಂಪ್ ಬಾಸ್. ಗೋದಾಮುಗಳಲ್ಲಿ ದುಡಿಯುವವರಿಗಾಗಿ ಕಂಪನಿ ಕಟ್ಟಿದ ವಸತಿಯನ್ನು ನೋಡಿಕೊಳ್ಳುವವನು. ಯಾರು ಯಾವ ರೂಮು, ಮೆಸ್ಸಿನ ಅಡುಗೆ, ನೀರು, ಜ್ವರ ಬಂದವನಿಗೆ ಆಸ್ಪತ್ರೆ, ಕುಡಿದು ಬಂದವನಿಗೆ ಬೈಗುಳ, ಎಲ್ಲ ಅವನದೇ. ಅವನ ಸೊಂಟದಲ್ಲಿ ಒಂದು ಬೀಗದಕೈ ಗೊಂಚಲು ಸದಾ ನೇತಾಡುತ್ತಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಬಂಗಾಳಿಗಳು, ಮುರ್ಷಿದಾಬಾದ್ ಕಡೆಯವರು, ಬಾಂಗ್ಲಾದೇಶದವರು. ಹೆಂಡತಿ ಬಂಗಾಳಿ ಎಂಬ ಕಾರಣಕ್ಕೆ ತನಗೂ ಅವರಿಗೂ ಏನೋ ನಂಟು ಇದೆ ಎಂದು ಅಪ್ಪ ನಂಬಿದ್ದ. ಮಾವಿನಹಣ್ಣಿನ ಕಾಲದಲ್ಲಿ ಪೆಟ್ಟಿಗೆ ತೆಗೆದುಕೊಂಡು ಹೋಗಿ ಹಂಚುತ್ತಿದ್ದ. ಕೆಟ್ಟವನಾಗಿರಲಿಲ್ಲ. ಈ ಮಾತನ್ನು ಬರೆದು ಒಮ್ಮೆ ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ.

ಒಂದು ಬೇಸಿಗೆಯಲ್ಲಿ ಮೇಲಿನಿಂದ ಅಪ್ಪನಿಗೆ ಆಜ್ಞೆ ಬಂತು. ಕ್ಯಾಂಪಿನ ಕರೆಂಟು ಬಹಳ ಹೋಗುತ್ತಿದೆ, ಹಗಲು ಜನ ಕೆಲಸಕ್ಕೆ ಹೋದ ಮೇಲೆ ರೂಮುಗಳ ಏಸಿಯನ್ನು ಮೈನ್ ಸ್ವಿಚ್ಚಿನಲ್ಲೇ ನಿಲ್ಲಿಸಿ, ಸಂಜೆ ಹಾಕಿ ಎಂದು. ಆದರೆ ಹಗಲು ರೂಮುಗಳು ಖಾಲಿ ಇರುತ್ತಿರಲಿಲ್ಲ. ರಾತ್ರಿ ಪಾಳಿಯವರು ಮಲಗುವುದೇ ಹಗಲಿನಲ್ಲಿ. ಅಪ್ಪ ಆಫೀಸಿನಲ್ಲಿ ಒಂದು ಮಾತು ಹೇಳಿ ನೋಡಿದನಂತೆ. ಅವರನ್ನೆಲ್ಲ ಒಂದೇ ಬ್ಲಾಕಿಗೆ ಹಾಕು ಎಂದರಂತೆ. ಜಾಗ ಎಲ್ಲಿದೆ ಎಂದು ಇವನು ಕೇಳಲಿಲ್ಲ. ಮರುದಿನದಿಂದ ಬೆಳಗ್ಗೆ ಸ್ವಿಚ್ಚು ಕೆಳಗೆ, ಸಂಜೆ ಮೇಲೆ. ಇದನ್ನೆಲ್ಲ ಅವನು ನಮಗೆ ಹೇಳಿದ್ದು ಊಟಕ್ಕೆ ಕೂತಾಗ, ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಾ.

"ಮತ್ತೆ ಅವರು ಮಲಗುವುದು ಹೇಗೆ?" ಎಂದು ಅಮ್ಮ ಕೇಳಿದಳು.

"ಟವೆಲ್ ಒದ್ದೆ ಮಾಡಿ ಹೊದ್ದುಕೊಳ್ತಾರೆ. ಅಭ್ಯಾಸ ಆಗ್ತದೆ."

ಅಮ್ಮ ಮೀನಿನ ಸಾರಿನ ಪಾತ್ರೆಯನ್ನು ಅವನ ಕಡೆ ಸರಿಸಿದಳು. ನಮ್ಮ ಹಾಲಿನ ಏಸಿ ತಲೆಯ ಮೇಲೆ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು.

ಕೆಲವು ವಾರಗಳ ಮೇಲೆ ಗೋದಾಮಿನಲ್ಲಿ ಒಬ್ಬನ ಕೈ ಮಷೀನಿಗೆ ಸಿಕ್ಕಿತು. ಅವನನ್ನು ಇಲ್ಲಿ ರಫೀಕ್ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಮುರ್ಷಿದಾಬಾದಿನವನು, ಹಿಂದಿ ಅಷ್ಟಾಗಿ ಬಾರದು. ಹೇಗಾಯಿತು ಎಂದು ಕೇಳಿ ಆಫೀಸಿಗೆ ತಿಳಿಸುವುದು ಅಪ್ಪನ ಜವಾಬ್ದಾರಿ. ಭಾಷೆಗಾಗಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮನೆಯಲ್ಲಿ ಒಬ್ಬಳೇ ಬಿಡುವುದು ಹೇಗೆಂದು ನನ್ನನ್ನೂ. ರಫೀಕ್ ಮಂಚದ ಮೇಲೆ ಒರಗಿ ಕೂತಿದ್ದ. ಬಲಗೈಗೆ ತಲೆದಿಂಬಿನಷ್ಟು ದೊಡ್ಡ ಬ್ಯಾಂಡೇಜು. ಎರಡು ಬೆರಳು ಹೋಗಿದ್ದವು. ತನ್ನ ಭಾಷೆ ಕೇಳಿದ್ದೇ ಅವನ ಮುಖ ಅರಳಿತು. ಅಮ್ಮನನ್ನು "ಬೌದಿ" ಎಂದ. ಅತ್ತಿಗೆ ಎಂದ ಹಾಗೆ. ಅವನು ಹೇಳುತ್ತಾ ಹೋದ, ಅಮ್ಮ ಹಿಂದಿಯಲ್ಲಿ ಅಪ್ಪನಿಗೆ ದಾಟಿಸಿದಳು.

"ಬಹಳ ದಿನದಿಂದ ನಿದ್ದೆಯೇ ಇಲ್ಲವಂತೆ. ನಿಂತಲ್ಲೇ ಕಣ್ಣು ಮುಚ್ಚಿಹೋಯಿತಂತೆ."

"ನಿದ್ದೆಯ ವಿಷಯ ಬೇಡ" ಎಂದ ಅಪ್ಪ. "ಕೈ ಹೇಗೆ ಸಿಕ್ಕಿತು, ಅಷ್ಟು ಕೇಳು."

"ಅದನ್ನೇ ಅಲ್ಲವಾ ಅವನು ಹೇಳ್ತಿರುವುದು?"

"ಶೋಮಾ, ಬೇಡ ಅಂದೆ."

ಅಮ್ಮ ರಫೀಕನ ಕಡೆ ತಿರುಗಿ ಮತ್ತೊಮ್ಮೆ ಕೇಳಿದಳು. ಅವನು ಮತ್ತೆ ಅದೇ ಹೇಳಿದ, ಘುಮ್ ಇಲ್ಲ, ಘುಮ್ ಇಲ್ಲ ಎಂದು. ಘುಮ್ ಎಂದರೆ ನಿದ್ದೆ. ಅಮ್ಮ ಅಪ್ಪನ ಕಡೆ ನೋಡದೆ, "ಕೈ ಜಾರಿತಂತೆ" ಎಂದಳು. ಆಫೀಸಿಗೆ ತಲುಪಿದ್ದು ಅಷ್ಟೇ. ನನಗೆ ಎರಡೂ ಭಾಷೆ ಬರುತ್ತಿತ್ತು. ಅವನು ಹೇಳಿದ್ದೂ ಇವಳು ಹೇಳಿದ್ದೂ ಬೇರೆ ಎಂದು ಆ ಕೋಣೆಯಲ್ಲಿ ತಿಳಿದದ್ದು ಅಮ್ಮನಿಗೆ, ಅಪ್ಪನಿಗೆ ಮತ್ತು ನನಗೆ. ಅದು ತಿಳಿಯದಿದ್ದ ಒಬ್ಬನು ನಗುನಗುತ್ತಾ ಎಡಗೈಯಿಂದ ದಿಂಬಿನ ಕೆಳಗಿದ್ದ ಫೋಟೋ ಹೊರತೆಗೆದ. ಅವನ ಪುಟ್ಟ ಮಗಳದು. ಅವಳನ್ನು ಮನೆಯಲ್ಲಿ ಕರೆಯುವ ಹೆಸರು ಹೇಳಿದ. ಫೋನಿನಲ್ಲಿ ಅಬ್ಬಾ ಎನ್ನಲು ಕಲಿತಿದ್ದಾಳೆ ಎಂದ. ನಾವು ಎದ್ದು ಹೊರಟಾಗ ದನಿ ತಗ್ಗಿಸಿ ಅಮ್ಮನಿಗೆ ಒಂದು ಮಾತು ಹೇಳಿದ.

"ಬೌದಿ, ಊರಿಗೆ ಯಾರಿಗೂ ತಿಳಿಯುವುದು ಬೇಡ. ಸಣ್ಣ ಗಾಯ ಅಂತಷ್ಟೇ ಹೇಳಿದ್ದೇನೆ."

"ಇಲ್ಲಪ್ಪ, ಯಾರಿಗೂ ಹೇಳುವುದಿಲ್ಲ" ಎಂದಳು ಅಮ್ಮ.

ಆ ವಾರದಿಂದ ನಮ್ಮ ಮನೆಯಲ್ಲೂ ಹಗಲಿನ ಏಸಿ ನಿಂತಿತು. ನಾನು ಶಾಲೆಯ ಬಸ್ಸಿಳಿದು ಬೆವರಿ ಮನೆಯ ಬಾಗಿಲು ತೆರೆದರೆ ಒಳಗೂ ಅದೇ ಧಗೆ. ಅಮ್ಮ ಅಡುಗೆಮನೆಯಲ್ಲಿ ಬೆನ್ನಿಗೆ ರವಿಕೆ ಅಂಟಿಸಿಕೊಂಡು ನಿಂತು ಬರೆಯುತ್ತಿದ್ದಳು. ಹಾಳೆಯ ಮೇಲೆ ಬೆವರು ಬೀಳದಂತೆ ಆಗಾಗ ಮೊಣಕೈ ಒರೆಸಿಕೊಳ್ಳುತ್ತಿದ್ದಳು. ಊಟ ಕೇಳಿದರೆ ಕೈತೋರಿಸುತ್ತಿದ್ದಳು, ನೀನೇ ಬಡಿಸಿಕೋ ಎಂದು. ಶುಕ್ರವಾರ ಅಪ್ಪ ಏಸಿ ಹಾಕಿದ. ಅಮ್ಮ ಬಂದು ಆರಿಸಿದಳು. ಮತ್ತೆ ಹಾಕಿದ. ಮತ್ತೆ ಆರಿಸಿದಳು.

"ಇದು ಎಂತ ನಾಟಕ?"

"ನನಗೆ ಚಳಿಯಾಗ್ತದೆ."

"ಈ ಜೂನಿನಲ್ಲಿ?"

"ಹೌದು. ಈ ಜೂನಿನಲ್ಲಿ."

ಅಪ್ಪನಿಗೆ ಅರ್ಥವಾಗದೆ ಇರಲಿಲ್ಲ. ರಿಮೋಟನ್ನು ಸೋಫಾದ ಮೇಲೆ ಎಸೆದು ಲುಂಗಿಯಲ್ಲೇ ಕೆಳಗಿಳಿದು ಹೋದ. ಕಟ್ಟಡದ ಕೆಳಗಿನ ಕೆಫೆಟೇರಿಯಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಇಳಿಹಗಲಿನ ಅಸರ್ ನಮಾಜಿನ ಕರೆ ಆದ ಮೇಲೆ ಮೇಲೆ ಬಂದ. ಮರುದಿನ ಎಂದಿನಂತೆ ಎರಡು ಪಾತ್ರೆ ಅನ್ನ ಬೆಂದಿತು.

ದುರ್ಗಾಪೂಜೆಯ ಹೊತ್ತಿಗೆ ವಿಶೇಷಾಂಕ ಬಂತು. ಅಮ್ಮ ಪೊಟ್ಟಣ ಬಿಡಿಸಿ ನೋಡಿ ಅದನ್ನು ಬಟ್ಟೆಯ ಕಪಾಟಿನೊಳಗೆ ಇಟ್ಟಳು. ಅಪ್ಪ ಹುಡುಕಿ ತೆಗೆದು ಟೀವಿ ಸ್ಟ್ಯಾಂಡಿನ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟ. ಅವಳು ಒಳಗಿಟ್ಟಳು, ಅವನು ಮತ್ತೆ ಹೊರಗಿಟ್ಟ. ಸಂಕೋಚದ ಹೆಂಗಸು ಎಂದು ಅವನೆಣಿಕೆ. ಆ ದಿನಗಳಲ್ಲಿ ಮನೆಗೆ ಬಂದ ಪ್ರತಿಯೊಬ್ಬರ ಕೈಗೂ ಅವನು ಅದನ್ನು ಕೊಟ್ಟ. ಅಮ್ಮನ ಹೆಸರಿರುವ ಪುಟ ಗುರುತು ಹಿಡಿಯಲು ಅಲ್ಲಿ ಬಸ್ ಟಿಕೆಟೊಂದನ್ನು ಸಿಕ್ಕಿಸಿಟ್ಟಿದ್ದ. "ಇದು ಹೊಸದು. ಈ ಸಲ ಮೊದಲನೇ ಕಥೆಯೇ ಇವಳದ್ದು" ಎನ್ನುತ್ತಿದ್ದ. ಅಮ್ಮ ಚಹಾದ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಈಗ ಆ ದೃಶ್ಯ ನೆನಪಾದರೆ ನನಗೆ ಇಬ್ಬರ ಮುಖವನ್ನೂ ನೋಡಲಾಗುವುದಿಲ್ಲ.

ಚಳಿ ಶುರುವಾದ ಮೇಲೆ ಒಂದು ಸಂಜೆ ಅಪ್ಪ ಬೇಗ ಬಂದ. ಬೀಗದಕೈ ಗೊಂಚಲನ್ನು ಸೋಫಾದ ಮೇಲಿಟ್ಟು, ಚಹಾ ಕುಡಿಯುತ್ತಾ, ನಗುತ್ತಲೇ ಕೇಳಿದ.

"ಹುಡುಗರು ನನಗೊಂದು ಹೆಸರು ಇಟ್ಟಿದ್ದಾರೆ. ರೌಂಡಿಗೆ ಹೋದ್ರೆ ಸಾಕು, ಹಿಂದಿನಿಂದ ಯಾರಾದ್ರೂ ಹೇಳ್ತಾರೆ, ಎಲ್ಲ ನಗ್ತಾರೆ. ಮೆಸ್ಸಿನ ಅಡುಗೆಯವನೂ ನಗ್ತಾನೆ. ಘುಮ್‌ಚೋರ್. ಅಂದ್ರೆ ಎಂತ?"

ಅಮ್ಮ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಚೋರ್ ಗೊತ್ತು, ಕಳ್ಳ. ಘುಮ್ ಅಂದ್ರೆ ಘೂಮ್ನಾ, ತಿರುಗುವುದು. ನಾನು ರೌಂಡ್ ಹೊಡೀತೇನಲ್ಲ, ಅದಕ್ಕೆ ಹಾಗೆ ಹೇಳ್ತಾರಾ?" ಅವನು ಹಿಂದಿಯ ದಾರಿಯಲ್ಲಿ ಹೋಗಿ ಬಂಗಾಳಿ ಹುಡುಕುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. "ನೀನು ಹೇಳು ಮಗಾ. ನಿನಗೆ ಗೊತ್ತುಂಟಲ್ಲ."

ನಾನು ಅಮ್ಮನನ್ನು ನೋಡಿದೆ. ಅವಳು ಬೇಡ ಎನ್ನಲಿಲ್ಲ, ಹೇಳು ಎನ್ನಲೂ ಇಲ್ಲ.

"ಘುಮ್ ಅಂದ್ರೆ ನಿದ್ದೆ ಅಪ್ಪ. ನಿದ್ದೆ ಕದಿಯುವವನು."

ಅಪ್ಪನ ಮುಖದ ಮೇಲಿನ ನಗು ಒಮ್ಮೆಲೇ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದ ಹಾಗೆ ಅಲ್ಲೇ ಉಳಿದಿತ್ತು.

"ನಿದ್ದೆಗಳ್ಳ" ಎಂದು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡ. "ನಾನಾ?"

ಆಗ ಅಮ್ಮ ಹೇಳಿದಳು, "ಅದು ನನ್ನ ಕಥೆಯ ಹೆಸರು."

ರಜೆಗೆ ಊರಿಗೆ ಹೋಗಿದ್ದ ಒಬ್ಬ ಆ ವಿಶೇಷಾಂಕವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಓದು ಬಲ್ಲವನೊಬ್ಬ ಮೆಸ್ಸಿನಲ್ಲಿ ಊಟದ ನಂತರ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದ. ಬರೆದವಳು ಯಾರು ಎಂಬುದು ಅವರಿಗೆ ತಿಳಿಯಲು ಹೊತ್ತೇನೂ ಬೇಕಾಗಿರಲಿಲ್ಲ. ಅಪ್ಪ ಎದ್ದು ಟೀವಿ ಸ್ಟ್ಯಾಂಡಿನ ಬಳಿ ಹೋದ. ತಾನೇ ಮುಂದಿಟ್ಟಿದ್ದ ಪುಸ್ತಕವನ್ನು ತೆಗೆದು ಅಮ್ಮನ ಮಡಿಲಲ್ಲಿಟ್ಟ.

"ಓದು."

ಅಮ್ಮ ಓದಿದಳು. ಒಂದು ಸಾಲು ಬಂಗಾಳಿ ಓದಿ, ಅದನ್ನು ಹಿಂದಿಗೆ ತಂದು, ಸಿಗದ ಶಬ್ದಕ್ಕೆ ನನ್ನ ಮುಖ ನೋಡಿದಳು. ನಾನು ಅದನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದೆ. ನಾನಾಗ ಐದನೇ ಕ್ಲಾಸು. ಅಮ್ಮನ ಕಥೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಒಳ್ಳೆಯ ಕಥೆ ಎಂಬುದು ಆ ವಯಸ್ಸಿಗೂ ತಿಳಿಯಿತು. ಒದ್ದೆ ಟವೆಲ್ಲು ಎದೆಯ ಮೇಲೆ ಒಣಗುವುದು, ಮತ್ತೆ ಎದ್ದು ಒದ್ದೆ ಮಾಡುವುದು, ಬಿಸಿಯಾದ ಮಂಚದ ಕಬ್ಬಿಣ, ಸ್ವಿಚ್ಚು ಬೀಳುವ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಕಣ್ಣು ತೆರೆಯುವುದು. ಅಪ್ಪ ಮಧ್ಯೆ ಮಧ್ಯೆ ತಡೆದ. ಸ್ವಿಚ್ಚಿನ ಕೋಣೆ ಆ ಕಡೆ ಅಲ್ಲ, ಈ ಕಡೆ ಎಂದ. ಮೆಸ್ಸಿನಲ್ಲಿ ಹಳಸಿದ ಬೇಳೆ ತಾನು ಯಾವತ್ತೂ ಹಾಕಿಸಿಲ್ಲ ಎಂದ. ಆಸ್ಪತ್ರೆಯ ಭಾಗ ಬಂತು. ಕಥೆಯ ಕ್ಯಾಂಪ್ ಬಾಸ್ "ನಿದ್ದೆಯ ವಿಷಯ ಬೇಡ" ಎನ್ನುತ್ತಾನೆ, ಹಾಗೆ ಹೇಳಿ ನಗುತ್ತಾನೆ.

"ನಾನು ನಗಲಿಲ್ಲ" ಎಂದ ಅಪ್ಪ.

"ಇದು ಕಥೆ."

"ಸ್ವಿಚ್ ತೆಗೆದದ್ದು ನಾನು. ಬೇಡ ಅಂದದ್ದು ನಾನು. ಅದೆಲ್ಲ ನಿಜ, ಬರೆದಿ. ಆದ್ರೆ ನಾನು ನಗಲಿಲ್ಲ ಶೋಮಾ. ಎಲ್ಲ ನಿಜದ ನಡುವೆ ಇದೊಂದನ್ನು ಸೇರಿಸಿದ್ರೆ, ಓದಿದವರು ಇದನ್ನೂ ನಿಜ ಅಂತಲೇ ತಿಳಿಯುವುದಿಲ್ವಾ?"

ಅಮ್ಮನ ಬೆರಳು ಆ ಸಾಲಿನ ಮೇಲೆ ನಿಂತಿತ್ತು. ಮುಂದೆ ಓದಿದಳು. ಕೊನೆಯ ಪುಟದಲ್ಲಿ ಗಾಯಗೊಂಡವನು ಫೋನಿನಲ್ಲಿ ಮಗಳ ಹೆಸರು ಕರೆಯುತ್ತಾನೆ. ಅಮ್ಮ ಆ ಹೆಸರು ಓದಿದಳು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಅದು ಅವನ ಮಗಳ ಹೆಸರೇ ಅಲ್ವಾ? ಅವತ್ತು ಫೋಟೋ ತೋರಿಸಿ ಹೇಳಿದ್ದು?"

"ಬೇರೆ ಹೆಸರು ಹಾಕಿ ನೋಡಿದೆ" ಎಂದಳು ಅಮ್ಮ, ಬಹಳ ಮೆಲ್ಲಗೆ. "ಯಾವುದೂ ಹೊಂದಲಿಲ್ಲ."

ಅವರು ಆ ಸಂಜೆ ಜಗಳವಾಡಿದ್ದರೆ ನನಗೆ ನಿರಾಳವಾಗುತ್ತಿತ್ತು. ಜಗಳ ನಮ್ಮ ಮನೆಗೆ ಹೊಸದಲ್ಲ. ತುಳು ಒಂದು ಕಡೆಯಿಂದ, ಬಂಗಾಳಿ ಇನ್ನೊಂದು ಕಡೆಯಿಂದ ಬಂದು, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದೆ, ಕೊನೆಗೆ ನಗುವಲ್ಲಿ ಮುಗಿಯುತ್ತಿತ್ತು. ಅವತ್ತು ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಅಪ್ಪ ಊಟ ಮಾಡದೆ ಕೋಣೆಗೆ ಹೋದ. ಅಮ್ಮ ಪಾತ್ರೆ ತೊಳೆದಳು. ನನಗೆ ಶಾಲೆಯ ಡೈರಿಗೆ ಸಹಿ ಬೇಕಿತ್ತು, ಇಬ್ಬರಲ್ಲಿ ಯಾರನ್ನು ಕೇಳುವುದೆಂದು ತಿಳಿಯದೆ ಹಾಗೆಯೇ ಮಲಗಿದೆ.

ಎರಡು ಮೂರು ದಿನ ಕಳೆದು ಅಪ್ಪ ಅಮ್ಮನಿಗೆ ಹೇಳಿದ, "ರಫೀಕ್ ನಿನ್ನನ್ನು ನೋಡಬೇಕಂತೆ. ಬರ್ತೀಯಾ?" ಶುಕ್ರವಾರ ಬೆಳಗ್ಗೆ ಮೂವರೂ ಹೊರಟೆವು. ಅಮ್ಮ ಕಪಾಟಿನಿಂದ ತನ್ನ ಒಳ್ಳೆಯ ಬಂಗಾಳಿ ಕೈಮಗ್ಗದ ತಾಂತ್ ಸೀರೆ ತೆಗೆದು ಉಟ್ಟಿದ್ದಳು. ಹೊರಡುವ ಹೊತ್ತಿಗೆ ಅದನ್ನು ಬಿಚ್ಚಿ ದಿನದ ಸಲ್ವಾರ್ ಹಾಕಿಕೊಂಡಳು. ಕ್ಯಾಂಪಿನ ಒಳಗೆ ನಾನು ಹೋದದ್ದು ಅದೇ ಮೊದಲು. ಉದ್ದನೆಯ ಜಗಲಿ, ಬಾಗಿಲ ಮುಂದೆ ರಾಶಿ ಚಪ್ಪಲಿ, ಹಗ್ಗದ ಮೇಲೆ ಒಂದೇ ಬಣ್ಣದ ಅಂಗಿಗಳು. ರಫೀಕನ ಕೋಣೆಯಲ್ಲಿ ಮಂಚದ ಮೇಲೆ ಮಂಚ. ನಾವು ಬಂದೊಡನೆ ಎಲ್ಲರೂ ಎದ್ದು ನಿಂತರು. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಅಮ್ಮನಿಗೆ ಕೊಟ್ಟರು. ನನ್ನನ್ನು ಒಂದು ಮಂಚದ ಅಂಚಿನಲ್ಲಿ ಕೂರಿಸಿದರು. ಅಪ್ಪನಿಗೆ ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಅವನು ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತ.

ರಫೀಕ್ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದ. ಎಡಗೈಯಿಂದ ಅಮ್ಮನಿಗೆ ಚಹಾ ಕೊಟ್ಟ.

"ಬೌದಿ, ನಾನೂ ಕೇಳಿದೆ. ಚೆನ್ನಾಗಿ ಬರೆದಿದ್ದೀರಿ. ಇಲ್ಲಿ ಎಲ್ಲರಿಗೂ ಖುಷಿಯಾಯಿತು."

ಅಮ್ಮ ಏನೋ ಹೇಳಲು ಹೊರಟಳು. ಅವನು ಮುಂದುವರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮೂರಲ್ಲಿ ಒಬ್ಬ ಮೇಷ್ಟ್ರಿದ್ದಾರೆ, ಈ ಪುಸ್ತಕ ತರಿಸ್ತಾರೆ. ನಾನು ಕೆಲಸ ಮಾಡುವ ಜಾಗ, ಮಗಳ ಹೆಸರು, ಎಲ್ಲ ನೋಡಿದ್ದಾರೆ. ಮನೆಗೆ ಹೋಗಿ ಓದಿ ಹೇಳಿದ್ದಾರೆ. ಈಗ ಫೋನ್ ಮಾಡಿದರೆ ನನ್ನ ಹೆಂಡತಿ ಮಾತಾಡುವುದಿಲ್ಲ, ಅಳುತ್ತಾಳೆ. ಕೈ ತೋರಿಸು ಅಂತಾಳೆ. ಫೋನಿನಲ್ಲಿ ಹೇಗೆ ತೋರಿಸಲಿ, ನೀವೇ ಹೇಳಿ."

ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಯಾರಿಗೂ ಹೇಳುವುದಿಲ್ಲ ಅಂದಿದ್ದಿರಿ, ಬೌದಿ."

ಅಮ್ಮನ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಲೋಟ ಕೆಳಗಿಡಲು ಜಾಗ ಹುಡುಕಿದಳು, ಸಿಗಲಿಲ್ಲ. ಲೋಟ ಹಿಡಿದೇ ಎದ್ದು ನಿಂತಳು. ತಪ್ಪಾಯಿತು ಎಂದಳೋ ಏನೋ, ತುಟಿ ಅಲುಗಿದ್ದು ಕಂಡಿತು, ನನಗೆ ಕೇಳಿಸಲಿಲ್ಲ. ಬಾಗಿಲಾಚೆಯಿಂದ ಅಪ್ಪ ನನ್ನನ್ನು ಕರೆದ.

"ಎಂತ ಹೇಳಿದ ಅವ?"

ನಾನು ಹೇಳಿದೆ. ಒಂದು ಮಾತೂ ಬಿಡದೆ ಎಲ್ಲವನ್ನೂ ತುಳುವಿಗೆ ತಂದು ಹೇಳಿದೆ. ಅಪ್ಪ ಈಗ ಅಮ್ಮನ ಕಡೆ ಒಂದು ಥರ ನೋಡುತ್ತಾನೆ, ನೋಡಿದೆಯಾ ಎಂಬಂತೆ, ಎಂದು ನನಗನಿಸಿತ್ತು. ಅವನು ಹಾಗೆ ನೋಡಲಿಲ್ಲ. ತಲೆ ತಗ್ಗಿಸಿ ಆ ಚಪ್ಪಲಿಗಳನ್ನೇ ನೋಡಿದ. ಒಳಗೆ ಅಮ್ಮ ತಲೆ ತಗ್ಗಿಸಿದ್ದಳು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಒಂದು ಕಡೆ ನಿದ್ದೆ ಕದ್ದವನು, ಇನ್ನೊಂದು ಕಡೆ ಗುಟ್ಟು ಮಾರಿದವಳು, ಇಬ್ಬರೂ ನನ್ನವರು. ಕೋಣೆಯಲ್ಲಿದ್ದವರು ನಮ್ಮನ್ನು ಮರ್ಯಾದೆಯಿಂದ ನಡೆಸಿಕೊಂಡರು. ಹೊರಡುವಾಗ ಒಬ್ಬ ನನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟ. ಅದನ್ನು ಕಾರಿನಲ್ಲಿ ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಮರುದಿನ ಅಪ್ಪ ಸ್ವಿಚ್ಚು ಇಳಿಸಲಿಲ್ಲ. ಅದರ ಮರುದಿನವೂ ಇಲ್ಲ. ಆಗ ಚಳಿಗಾಲ, ಯಾರೂ ಗಮನಿಸಲಿಲ್ಲ. ಬಿಸಿಲು ಮತ್ತೆ ಏರಿ, ಬಿಲ್ಲೂ ಏರಿದಾಗ ಆಫೀಸಿನಿಂದ ಕರೆ ಬಂತು. "ಹಗಲು ರೂಮು ಖಾಲಿ ಇರುದಿಲ್ಲ ಸರ್" ಎಂದನಂತೆ ಅಪ್ಪ. ಹಿಂದಿನ ವರ್ಷವೇ ಹೀಗೆ ಹಟ ಹಿಡಿದು ಹೇಳಬಹುದಾಗಿದ್ದ ಮಾತು. ಖಲಾಸ್, ಆ ಕೆಲಸ ಹೋಯಿತು. ಬೇರೊಬ್ಬ ಕ್ಯಾಂಪ್ ಬಾಸ್ ಬಂದ, ಸ್ವಿಚ್ಚು ಮತ್ತೆ ಕೆಳಗಿಳಿಯಿತು. ರಫೀಕನನ್ನು ಅದಕ್ಕೂ ಮೊದಲೇ ವೀಸಾ ರದ್ದು ಮಾಡಿ ಊರಿಗೆ ಕಳಿಸಿದ್ದರು. ಕೈಯ ಕಾರಣಕ್ಕೋ ಕಥೆಯ ಕಾರಣಕ್ಕೋ ನಮಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಹೋಗಲಿಲ್ಲ ಎನ್ನುವುದು ಹೆಚ್ಚು ಸರಿ. ನಾವು ಅಲ್ ನಹ್ದಾದ ಮನೆ ಬಿಟ್ಟು ಅಲ್ ಐನಿಗೆ ಬಂದೆವು. ಅಲ್ಲಿ ಅಪ್ಪನಿಗೆ ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಹೊಸ ಮನೆಯಲ್ಲಿ ಜಾಗವಿತ್ತು, ಮೇಜೂ ಬಂತು. ಅಮ್ಮ ಅದರ ಮೇಲೆ ಇಸ್ತ್ರಿ ಬಟ್ಟೆ ಜೋಡಿಸಿಟ್ಟಳು. ಬಹಳ ವರ್ಷ ಅವಳು ಒಂದು ಸಾಲೂ ಬರೆಯಲಿಲ್ಲ. ಬಂದವರಿಗೆ ಅಪ್ಪ ಇವಳು ರೈಟರ್ ಎಂದು ಹೇಳುವುದನ್ನೂ ಬಿಟ್ಟ.

ನಾನು ಪಿಯುಸಿಗೆ ಉಡುಪಿಗೆ ಬಂದು, ಅಲ್ಲೇ ಉಳಿದು, ಅಪ್ಪ ನೆ‌ಲದ ಮೇಲೆ ಪೇಪರ್ ಹರಡಿ ಕಲಿಸಿದ ಅಕ್ಷರಗಳಲ್ಲಿ ಬರೆಯತೊಡಗಿದೆ. ಅಮ್ಮ ಮತ್ತೆ ಬರೆಯುತ್ತಿದ್ದಾಳೆ ಎಂದು ತಿಳಿದ ಮೇಲೆ ಬಂಗಾಳಿ ಓದಲು ಕಲಿತೆ, ಆಗ ನನಗೆ ಮೂವತ್ತು ದಾಟಿತ್ತು. ಈಚಿನ ಅವಳ ಎರಡು ಸಂಕಲನಗಳನ್ನು ಒತ್ತಕ್ಷರಕ್ಕೆ ತಡವರಿಸುತ್ತಾ ಓದಿ ಮುಗಿಸಿದ್ದೇನೆ. ಊರುಗಳಿಗೆ ಹೆಸರಿಲ್ಲ, ಮಕ್ಕಳಿಗಂತೂ ಯಾವ ಕಥೆಯಲ್ಲೂ ಹೆಸರಿಲ್ಲ. ವಿಮರ್ಶಕರು ಅದನ್ನು ಶೈಲಿ ಎಂದು ಮೆಚ್ಚಿದ್ದಾರೆ.

ನನ್ನ ನೆನಪುಗಳ ಪುಸ್ತಕದ ಈ ಅಧ್ಯಾಯವನ್ನು ಕೇಳಿಯೇ ಬರೆಯಬೇಕೆಂದು ಕಳೆದ ಚಳಿಗಾಲ ಅಲ್ ಐನಿಗೆ ಹೋದೆ. ಅಪ್ಪನಿಗೆ ಅಲ್ಲಿ ಇದು ಕೊನೆಯ ವರ್ಷ, ವೀಸಾ ಮುಗಿದರೆ ಊರಿಗೆ. ಸಂಜೆ ಚಹಾದ ಹೊತ್ತಿಗೆ ಇಬ್ಬರನ್ನೂ ಕೂರಿಸಿ, ಬರೆಯಲಾ ಎಂದು ಕೇಳಿದೆ. ಅಮ್ಮ ತಕ್ಷಣ ಹೇಳಿದಳು, "ನಮ್ಮನ್ನು ಯಾಕೆ ಕೇಳ್ತೀ? ರಫೀಕನನ್ನು ಕೇಳು."

"ಅವನ ನಂಬರ್ ಇದೆಯಾ?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಒಳಗೆ ಹೋಗಿ ಹಳೆಯ ಮೊಬೈಲುಗಳಿದ್ದ ಡಬ್ಬಿ ತಂದ. ಚಾರ್ಜಿಗೆ ಹಾಕಿ, ಹತ್ತುವಂಥವನ್ನು ಹತ್ತಿಸಿ, ಕನ್ನಡಕ ಏರಿಸಿ ಒಂದೊಂದೇ ಹೆಸರು ನೋಡುತ್ತಾ ಹೋದ. ಮೆಸ್ಸಿನ ಅಡುಗೆಯವನ ನಂಬರಿತ್ತು. ನೀರಿನ ಟ್ಯಾಂಕರಿನವನದಿತ್ತು. ಆಫೀಸಿನವರದೆಲ್ಲ ಇತ್ತು. ಕೊನೆಗೆ ಡಬ್ಬಿ ಮುಚ್ಚಿದ. ಆ ಮಗುವಿನ ಹೆಸರು ನಮ್ಮ ಮೂವರಿಗೂ ಇವತ್ತಿಗೂ ನೆನಪಿದೆ. ಅವಳ ಅಪ್ಪನ ಫೋನ್ ನಂಬರನ್ನು ನಮ್ಮಲ್ಲಿ ಯಾರೂ ಯಾವತ್ತೂ ಕೇಳಿ ತೆಗೆದುಕೊಂಡಿರಲಿಲ್ಲ.

"ನನ್ನದು ಬರಿ ಮಗಾ" ಎಂದ ಅಪ್ಪ. "ನಿನ್ನ ಅಮ್ಮನದ್ದೂ ಬರಿ. ಅವನದ್ದು ಬರೆಯಲಿಕ್ಕೆ ಹೋಗಬೇಡ."

ಅಮ್ಮ ತಲೆಯಾಡಿಸಿದಳು. ಅವನದನ್ನು ಬಿಟ್ಟರೆ ಉಳಿಯುವುದಾದರೂ ಏನು ಎಂದು ನಾನು ಕೇಳಲಿಲ್ಲ.